ಒಂಬತ್ತನೇ ಪಾಠದ ಮೇಷ್ಟ್ರಿಗೆ

ಮಾನ್ಯ ದೊನ್ ಬಲ್ತಸಾರ್ ಕಿಂತೆರೋಸ್ ಅವರಿಗೆ,

ನಮ್ಮ ದ್ವೀಪದಿಂದ, ನಮ್ಮ ಮನೆಯ ಉರಿಯುವ ಒಲೆಯ ಪಕ್ಕದಿಂದ ನಿಮಗೆ ನಮಸ್ಕಾರಗಳು.

ನಿಮಗೆ ನನ್ನ ಪರಿಚಯವಿಲ್ಲ. ನನಗಾದರೋ ನಿಮ್ಮ ಎಡಗಿವಿಯ ಕೆಳಗಿನ ಮಚ್ಚೆ ಗೊತ್ತು. ನಾಲ್ಕನೇ ಪಾಠದ ದಿನ ನಿಮಗೆ ನೆಗಡಿಯಾಗಿತ್ತು ಎಂಬುದು ಗೊತ್ತು. ಏಳನೇ ಪಾಠದಲ್ಲಿ ನಿಮ್ಮ ಅಂಗಿಯ ಕಾಲರಿನ ಒಂದು ತುದಿ ಒಳಗೆ ಮಡಚಿಕೊಂಡಿತ್ತು. ಅದನ್ನು ನೋಡಿ ನಾವು, ಇವರಿಗೆ ಹೆಂಡತಿ ಇಲ್ಲ, ಇದ್ದಿದ್ದರೆ ಹೀಗೆ ಕಳಿಸುತ್ತಿರಲಿಲ್ಲ ಎಂದು ತೀರ್ಮಾನಿಸಿದೆವು. ಇಷ್ಟೆಲ್ಲ ಗೊತ್ತಿದ್ದೂ ಒಂದು ವರ್ಷ ನಿಮಗೆ ಒಂದು ಮಾತು ತಲುಪಿಸಲು ನನ್ನಿಂದಾಗಲಿಲ್ಲ. ನೀವು ಹೇಳುತ್ತಿದ್ದಿರಿ, ನಾವು ಕೇಳುತ್ತಿದ್ದೆವು. ಈಗ ನನ್ನ ಸರದಿ.

ನನ್ನ ಹೆಸರು ಎರ್ಮಿಂದಾ ರೆಮೊಲ್ಕೊಯ್. ವಯಸ್ಸು ನಲವತ್ತಾರು. ಗಂಡ ಲಿಸಾಂದ್ರೋ ಸಮುದ್ರಕ್ಕೆ ಹೋಗಿ ಹಿಂದಿರುಗಲಿಲ್ಲ. ಅದು ಹಳೆಯ ಮಾತಾಯಿತು, ಅತ್ತದ್ದೂ ಆಯಿತು. ಅಂದಿನಿಂದ ಮನೆಯಲ್ಲಿ ನಾನು ಮತ್ತು ನನ್ನ ಅತ್ತೆ ದೊನ್ಯಾ ರುಪೆರ್ತಾ, ಇಬ್ಬರೇ. ಕುರಿ ಸಾಕುತ್ತೇನೆ, ಉಣ್ಣೆ ನೂತು ಹೆಣೆಯುತ್ತೇನೆ, ಆಲೂಗಡ್ಡೆ ಬೆಳೆಯುತ್ತೇನೆ. ಒಂದು ಚಳಿಗಾಲದಲ್ಲಿ ನನ್ನ ಕುರಿಗಳು ಒಂದೊಂದಾಗಿ ಬಡಕಲಾಗಿ, ಗಂಟಲ ಕೆಳಗೆ ನೀರು ತುಂಬಿಕೊಂಡು ಸತ್ತವು. ಕೆಟ್ಟ ಗಾಳಿ ಎಂದರು ಒಬ್ಬರು, ಯಾರದೋ ಕಣ್ಣು ಎಂದರು ಇನ್ನೊಬ್ಬರು. ಯಾಕೆ ಸತ್ತವು ಎಂದು ತಿಳಿಯದೆ ಇರುವುದು ಸತ್ತದ್ದಕ್ಕಿಂತ ಹೆಚ್ಚು ಉರಿಯಿತು. ಆದ್ದರಿಂದಲೇ, ಕಾಲೇಜಿನವರು ಕಾಸ್ತ್ರೋ ಪಟ್ಟಣದಿಂದ ಕಂಪ್ಯೂಟರುಗಳನ್ನು ದೋಣಿಗೆ ಹೇರಿಕೊಂಡು ಬಂದು, ಮೀನುಗಾರರ ಸಂಘದ ಹಳೆಯ ಕಟ್ಟಡದಲ್ಲಿ ಜಾನುವಾರು ಆರೋಗ್ಯದ ತರಗತಿ ತೆರೆಯುತ್ತಾರೆ ಎಂದಾಗ ಮೊದಲು ಹೆಸರು ಕೊಟ್ಟವಳು ನಾನು.

ಮೇಷ್ಟ್ರು ಬರುವುದಿಲ್ಲವಂತೆ, ಮೇಷ್ಟ್ರು ಸಿ.ಡಿ.ಯೊಳಗೆ ಇರುತ್ತಾರಂತೆ. ಮಾತು, ಚಿತ್ರ, ಓಡಾಡುವ ಬೊಂಬೆ, ಪ್ರಶ್ನೆ, ಎಲ್ಲವೂ ಅದರಲ್ಲೇ. ಬಾಗಿಲಿಗೆ 'ಮಲ್ಟಿಮೀಡಿಯಾ ಕಾಲೇಜು ಕೋರ್ಸು' ಎಂದು ಹಲಗೆ ಹೊಡೆದರು. ನನ್ನ ಅತ್ತೆ ಅದನ್ನು ಕೇಳಿ, "ದಿನಾ ಮಧ್ಯಾಹ್ನ ಡಬ್ಬಿಯೊಳಗಿನ ಗಂಡಸನ್ನ ನೋಡೋಕ್ಕೆ ಹೋಗ್ತೀಯಾ? ಒಳ್ಳೇದೇ ಬಿಡು. ಅವನಿಗೆ ಊಟ ಹಾಕೋ ಹಾಗಿಲ್ಲ, ಬಟ್ಟೆ ಒಗೆಯೋ ಹಾಗಿಲ್ಲ!" ಎಂದರು.

ಕೋಣೆಯ ಉಸ್ತುವಾರಿ ದೊನ್ ಫ್ರೊಯ್ಲಾನ್ ಅವರದ್ದು. ಬಹಳ ವರ್ಷ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದವರು. ಕಂಪ್ಯೂಟರುಗಳಿಗೂ ಕಸೂತಿ ಮುಸುಕು ಹೊದಿಸಿ, ತೆಗೆಯುವಾಗ ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಸಿ.ಡಿ.ಯನ್ನು ಊದಿ, ಬಿಳಿ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಒಳಗಿಟ್ಟು, "ಮಾತಾಡ್ಬೇಡಿ, ಬರ್ತಾ ಇದಾರೆ" ಎನ್ನುತ್ತಿದ್ದರು. ಆಮೇಲೆ ನೀವು ಬರುತ್ತಿದ್ದಿರಿ.

ಕಂಪ್ಯೂಟರುಗಳು ಕಡಿಮೆ, ನಾವು ಹೆಚ್ಚು. ಇಬ್ಬಿಬ್ಬರಿಗೆ ಒಂದರಂತೆ ಕೂರಿಸಿದರು. ಕಿವಿಗೆ ಹಾಕುವ ಹೆಡ್‌ಫೋನೂ ಇಬ್ಬರಿಗೆ ಒಂದೇ. ಅದನ್ನು ತಿರುಗಿಸಿ ಹಿಡಿದು ಒಬ್ಬರು ಬಲಗಿವಿಗೆ, ಇನ್ನೊಬ್ಬರು ಎಡಗಿವಿಗೆ ಒತ್ತಿಕೊಳ್ಳಬೇಕು. ನನ್ನ ಪಾಲಿಗೆ ಬಂದವನು ಅದೆಲ್ಮೊ ಚಿಗ್ವಾಯ್. ದ್ವೀಪದ ಆಚೆ ಕೊಲ್ಲಿಯವನು, ಮದುವೆಯಾಗದೆ ಐವತ್ತು ದಾಟಿದವನು. ದನಗಳೊಂದಿಗೆ ಬಿಟ್ಟರೆ ಯಾರೊಂದಿಗೂ ಸರಿಯಾಗಿ ಮಾತಾಡದವನು ಎಂದು ಹೆಸರುವಾಸಿ. ಆದರೆ ನಿಮ್ಮೊಂದಿಗೆ ಎಷ್ಟು ಮಾತಾಡಿದ, ದೊನ್ ಬಲ್ತಸಾರ್! ನೀವು ಬಾಯಿ ತೆರೆದರೆ ಸಾಕು, ಇವನದು ಶುರು. "ಅಯ್ಯೋ, ಹಂಗಲ್ಲಪ್ಪಾ!" "ಯಾವ ಊರಲ್ಲಿ ಹಸು ಹಂಗೆ ನಿಲ್ಲುತ್ತೆ?" ಒಂದು ದಿನ ನನ್ನ ಕಡೆ ತಿರುಗಿ, "ಈ ಮನುಷ್ಯನ ಕೈ ನೋಡಿದ್ರಾ ದೊನ್ಯಾ ಎರ್ಮಿಂದಾ? ಬೆಣ್ಣೆ ಥರ ಇದೆ. ಜೀವಮಾನದಲ್ಲಿ ಒಂದು ಕುರೀನಾದ್ರೂ ಮುಟ್ಟಿದಾನಾ ಇವ್ನು?" ಎಂದ.

"ನೀವು ಸುಮ್ನೆ ಕೂತ್ರೆ ನನಗೆ ಒಂದು ಕಿವಿಯಲ್ಲಾದ್ರೂ ಪಾಠ ಕೇಳಿಸುತ್ತೆ" ಎಂದೆ. ಆಗ ಸುಮ್ಮನಾದ. ಆದರೂ ಪ್ರಶ್ನೆ ಬಂದಾಗ ಬೇಕೆಂದೇ ತಪ್ಪು ಉತ್ತರ ಒತ್ತುತ್ತಿದ್ದ, ನೀವು ಏನು ಹೇಳುತ್ತೀರೋ ನೋಡೋಣ ಎಂದು. ನೀವು ಒಮ್ಮೆಯೂ ಸಿಟ್ಟಾಗಲಿಲ್ಲ. "ಇಲ್ಲ, ಹಾಗಲ್ಲ. ಆದರೂ ಹಾಗೆ ಯೋಚಿಸಿದ್ದು ಒಳ್ಳೆಯದೇ ಆಯಿತು, ಇನ್ನೊಮ್ಮೆ ನೋಡೋಣ" ಎನ್ನುತ್ತಿದ್ದಿರಿ. ಸರಿ ಉತ್ತರ ಒತ್ತಿದರೆ, "ಭಲೇ!" ಆ ಒಂದು 'ಭಲೇ'ಗಾಗಿ ನಾನು ಮೊಣಕಾಲುದ್ದ ಕೆಸರಿನಲ್ಲಿ ನಡೆದು ಬರುತ್ತಿದ್ದೆ ಎಂದರೆ ನಗಬೇಡಿ. ಕುರಿ ಸಾಕಿದ್ದಕ್ಕೆ, ಆಲೂಗಡ್ಡೆ ಅಗೆದಿದ್ದಕ್ಕೆ, ಅತ್ತೆಯ ಕಾಲು ಒತ್ತಿದ್ದಕ್ಕೆ ಯಾರೂ ಭಲೇ ಎನ್ನುವುದಿಲ್ಲ.

ನನ್ನ ಕುರಿಗಳು ಯಾಕೆ ಸತ್ತವು ಎಂದು ಐದನೇ ಪಾಠದಲ್ಲಿ ನೀವೇ ಹೇಳಿದಿರಿ. ಪಿತ್ತಜನಕಾಂಗದಲ್ಲಿ ಎಲೆಯಂತಹ ಚಪ್ಪಟೆ ಹುಳು. ಜೌಗು ನೆಲದ ಪುಟ್ಟ ಬಸವನಹುಳುವಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಪರದೆಯ ಮೇಲೆ ಬೊಂಬೆ ಬಸವನಹುಳು ಮೆಲ್ಲಗೆ ತೆವಳಿತು, ಬೊಂಬೆ ಕುರಿ ಹುಲ್ಲು ತಿಂದಿತು. ಎಲ್ಲರೂ ನಕ್ಕರು. ನನಗೆ ಅಳು ಬಂತು. ಅದೆಲ್ಮೊ ಅದನ್ನು ನೋಡಿದ. ಹೆಡ್‌ಫೋನನ್ನು ಪೂರ್ತಿಯಾಗಿ ನನ್ನ ತಲೆಗೆ ಹಾಕಿ, ಆ ಭಾಗವನ್ನು ಮತ್ತೆ ಮೊದಲಿನಿಂದ ಹಚ್ಚಿದ. ಮನುಷ್ಯ ಅಷ್ಟೇನೂ ಒರಟನಲ್ಲ ಎಂದು ನನಗೆ ಅನಿಸಿದ್ದು ಅಂದೇ.

ಆಮೇಲೆ ಒಂಬತ್ತನೇ ಪಾಠ ಬಂತು, ಕಷ್ಟದ ಹೆರಿಗೆ. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಾಗ ಏನು ಮಾಡಬೇಕು ಎಂಬುದು. "ಅವಸರವಿಲ್ಲ" ಎಂದು ನೀವು ಶುರು ಮಾಡಿದಿರಿ. ಹಾಗೆಂದು ನಿಲ್ಲಿಸಿದಿರಿ. ಎಷ್ಟು ಹೊತ್ತು ನಿಲ್ಲಿಸಿದಿರೆಂದರೆ ದೊನ್ ಫ್ರೊಯ್ಲಾನ್ ಸಿ.ಡಿ. ಕೆಟ್ಟಿತು ಎಂದು ಓಡಿ ಬಂದರು. ಆಮೇಲೆ ಹೇಳಿದಿರಿ: "ಹಸು ನೂಕುವಾಗ ನಾವು ನಿಲ್ಲೋಣ. ಹಸು ನಿಂತಾಗ ನಾವು ಕೆಲಸ ಮಾಡೋಣ. ಗೊರಸನ್ನು ಅಂಗೈಯೊಳಗೆ ಮುಚ್ಚಿಕೊಳ್ಳಿ, ಮೊಟ್ಟೆ ಹಿಡಿದ ಹಾಗೆ. ಅವಸರವಿಲ್ಲ."

ಆ ಪಾಠ ಮುಗಿದ ಮರುವಾರ ನಮ್ಮ ತರಗತಿಗೆ ಸಿಡಿಲು ಬಡಿದಂತಾಯಿತು. ಪ್ರಾಯೋಗಿಕ ತರಬೇತಿಗೆ ಕಾಲೇಜಿನಿಂದ ಪಶುವೈದ್ಯೆ ಡಾಕ್ಟರ್ ಎಲ್ಫ್ರಿದಾ ಕ್ಲಾಸಿಂಗ್ ಬಂದರು. ಎತ್ತರದ ಹೆಂಗಸು, ದೊಡ್ಡ ಬೂಟು, ಚುಟುಕು ಮಾತು. ನಾವು ಸ್ವಾಗತಕ್ಕೆ ಆಲೂಗಡ್ಡೆ ರೊಟ್ಟಿ, ಹೊಗೆಯಲ್ಲಿ ಒಣಗಿಸಿದ ಮಳಿ ಚಿಪ್ಪುಮೀನು, ಸೇಬಿನ ಚಿಚಾ ಹೆಂಡ ಎಲ್ಲ ಇಟ್ಟುಕೊಂಡು, ನೀವೂ ಬಂದಿರಬಹುದೆಂದು ದೋಣಿಯ ಕಡೆಗೇ ನೋಡುತ್ತಿದ್ದೆವು. ದೊನ್ ಫ್ರೊಯ್ಲಾನ್ ತಡೆಯಲಾರದೆ ಕೇಳಿಯೇಬಿಟ್ಟರು, "ಡಾಕ್ಟರ್ ಬಲ್ತಸಾರ್ ಅವ್ರು ಯಾವಾಗ ಬರ್ತಾರಮ್ಮಾ?"

"ಯಾವ ಡಾಕ್ಟರ್? ಕಿಂತೆರೋಸ್ ಅವ್ರಾ? ಅವ್ರು ಡಾಕ್ಟರ್ ಅಲ್ಲ, ವಾಲ್ದಿವಿಯಾ ನಗರದ ನಾಟಕದ ನಟರು. ಪಾಠ ಬರೆದದ್ದು ನಾನು. ಅವ್ರು ಕ್ಯಾಮೆರಾ ಮುಂದೆ ಓದಿದ್ರು" ಎಂದರು ಆಕೆ, ರೊಟ್ಟಿ ಅಗಿಯುತ್ತಾ.

ದೊನ್ ಫ್ರೊಯ್ಲಾನ್ ಕೈಯಲ್ಲಿದ್ದ ಮುಸುಕನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದರು. ಅದೆಲ್ಮೊ ಎದ್ದು ನಿಂತ. ಗೆದ್ದವನಂತೆ ಕುಣಿಯುತ್ತಾನೆ ಎಂದುಕೊಂಡೆ, ಅವನು ಮೊದಲೇ ಅಂದಿದ್ದನಲ್ಲ! ಆದರೆ ಅವನ ಮುಖ ಸಣ್ಣದಾಗಿತ್ತು. "ಹಂಗಾದ್ರೆ ಇಷ್ಟು ದಿನ ನಾನು ಒಂದು ಗಿಣಿ ಜೊತೆ ಜಗಳ ಆಡ್ತಿದ್ನಾ?" ಎಂದು ಹೇಳಿ ಟೋಪಿ ಹಾಕಿಕೊಂಡು ಹೊರಟುಹೋದ. ಮರುದಿನ ಬರಲಿಲ್ಲ. ಅವನನ್ನು ನೋಡಿ ಇನ್ನೂ ಕೆಲವರು ಬರುವುದು ಬಿಟ್ಟರು. ನಾನು ಹೋದೆ. ಎರಡೂ ಕಿವಿಗೂ ನಿಮ್ಮ ಪಾಠವೇ. ಆದರೆ ನಿಮ್ಮ 'ಭಲೇ' ಕೇಳಿದಾಗ ಮೊದಲ ಬಾರಿಗೆ ಸಂಕಟವಾಯಿತು. ಯಾರೋ ಬರೆದುಕೊಟ್ಟ ಭಲೇ ಇದು, ನನಗೆಂದು ಹೇಳಿದ್ದಲ್ಲ ಅನಿಸಿತು. ಹೀಗೆ ಎಲ್ಲರೂ ಬಿಟ್ಟರೆ ಕಾಲೇಜಿನವರು ಕಂಪ್ಯೂಟರುಗಳನ್ನು ದೋಣಿಗೆ ಹಾಕಿಕೊಂಡು ಹೋಗುತ್ತಾರೆ ಎಂದು ದೊನ್ ಫ್ರೊಯ್ಲಾನ್ ದಿನಾ ಕೊರಗುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ, ಉತ್ತರದ ಗಾಳಿ ಎದ್ದು, ಬಂದರನ್ನು ಮುಚ್ಚಿದ ದಿನ, ಅದೆಲ್ಮೊ ನಮ್ಮ ಮನೆಯ ಬಾಗಿಲು ಬಡಿದ. ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಟೋಪಿ ಇರಲಿಲ್ಲ.

"ಕೊಂದೇಸಾಗೆ ಬೆಳಗಿಂದ ನೋವು. ಒಂದು ಕಾಲು ಮಾತ್ರ ಕಾಣುತ್ತೆ. ಕಾಸ್ತ್ರೋದಿಂದ ಯಾರೂ ಬರೋ ಹಾಗಿಲ್ಲ, ದೋಣಿ ಬಿಡ್ತಿಲ್ಲ. ನನ್ನ ಕೈ ದಪ್ಪ, ಒಳಗೆ ಹೋಗ್ತಿಲ್ಲ. ನಿಮ್ಮದು ಸಣ್ಣ ಕೈ. ಬರ್ತೀರಾ?"

ಕೊಂದೇಸಾ ಅವನ ಹಸು. "ನಾನಾ? ನಾನು ಪರದೆ ಮೇಲೆ ನೋಡಿದ್ದು ಅಷ್ಟೇ ಕಣ್ರೀ!" ಎಂದೆ. ಒಲೆಯ ಪಕ್ಕದಿಂದ ಅತ್ತೆ ಗದರಿದರು: "ಅಷ್ಟು ದಿನ ಡಬ್ಬಿ ಮುಂದೆ ಕೂತಿದ್ದು ಯಾತಕ್ಕೆ ಮತ್ತೆ? ಹೋಗೇ! ಸೋಪು ತಗೊಂಡು ಹೋಗು!"

ಹೋದೆ. ಹಸು ಮಲಗಿತ್ತು, ಕಣ್ಣು ಮೇಲಕ್ಕೆ ಹೊರಳಿಸಿತ್ತು. ಬಿಸಿನೀರಿನಲ್ಲಿ ಭುಜದವರೆಗೆ ಕೈ ತೊಳೆದು, ಹಂದಿಕೊಬ್ಬು ಸವರಿಕೊಂಡು ಮೊಣಕಾಲೂರಿದೆ. ಕೈ ಒಳಗೆ ಹೋಯಿತು. ಮೂತಿ ಸಿಕ್ಕಿತು, ಒಂದು ಕಾಲು ಸಿಕ್ಕಿತು. ಇನ್ನೊಂದು ಇಲ್ಲ. ಹಸು ನೂಕಿದಾಗ ನನ್ನ ತೋಳು ಮುರಿದೇಹೋಯಿತು ಎನ್ನುವಷ್ಟು ನೋವು. ತಲೆಯಲ್ಲಿ ಕಲಿತದ್ದೆಲ್ಲ ಹಾರಿಹೋಯಿತು. "ಏನೂ ನೆನಪಿಗೆ ಬರ್ತಿಲ್ಲ ಅದೆಲ್ಮೊ, ಏನೂ ಬರ್ತಿಲ್ಲ!" ಎಂದು ಕೂಗಿಕೊಂಡೆ.

ಆಗ ಅವನು, ನಿಮ್ಮನ್ನು ಗಿಣಿ ಎಂದವನು, ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಿಮ್ಮ ದನಿಯಲ್ಲೇ ಹೇಳಿದ, "ಅವಸರವಿಲ್ಲ."

ಹೇಳಿ, ನೀವು ನಿಲ್ಲಿಸಿದಷ್ಟೇ ಹೊತ್ತು ನಿಲ್ಲಿಸಿದ. ಆ ನಿಲುಗಡೆಯಲ್ಲಿ ನನಗೆ ಉಸಿರು ಬಂತು, ದೊನ್ ಬಲ್ತಸಾರ್. ನಿಜವಾಗಿ ಉಸಿರು ಬಂತು. ಆಮೇಲೆ ಅವನು ಒಂಬತ್ತನೇ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸತೊಡಗಿದ. ಜಗಳವಾಡುವುದಕ್ಕೆಂದು ಅಷ್ಟು ಗಮನವಿಟ್ಟು ಕೇಳಿದ್ದ ಮಹಾರಾಯ! "ಹಸು ನೂಕುವಾಗ ನಾವು ನಿಲ್ಲೋಣ." ನಿಂತೆ. "ಹಸು ನಿಂತಾಗ ನಾವು ಕೆಲಸ ಮಾಡೋಣ." ಕರುವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದೆ. ಜಾಗವಾಯಿತು. ಮಡಚಿದ ಮಂಡಿ ಸಿಕ್ಕಿತು, ಅದರ ಕೆಳಗೆ ಜಾರಿಕೊಂಡು ಹೋಗಿ ಗೊರಸು ಸಿಕ್ಕಿತು. "ಮೊಟ್ಟೆ ಹಿಡಿದ ಹಾಗೆ" ಎಂದ. ಮೊಟ್ಟೆ ಹಿಡಿದ ಹಾಗೆ ಮುಚ್ಚಿಕೊಂಡು ಎಳೆದೆ. ಕಾಲು ನೆಟ್ಟಗಾಯಿತು! ಅದು ಬಿಡಿಸಿಕೊಂಡು ಮುಂದೆ ಬಂದ ಗಳಿಗೆಯನ್ನು ನನ್ನ ಅಂಗೈ ಇನ್ನೂ ಮರೆತಿಲ್ಲ.

ಕುದಿಸಿಟ್ಟಿದ್ದ ಹಗ್ಗವನ್ನು ಎರಡೂ ಕಾಲಿಗೆ ಹಾಕಿ, ಹಸು ನೂಕಿದಾಗ ಮಾತ್ರ ಇಬ್ಬರೂ ಎಳೆದೆವು. ಕರು ಜಾರಿ ಬಂದು ನನ್ನ ಮಡಿಲಿಗೇ ಬಿತ್ತು. ಉಸಿರಾಡಲಿಲ್ಲ. ಮೂಗು ಬಾಯಿ ಒರೆಸಿ, ಒಂದು ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಗೆ ತೂರಿಸಿದೆ. ಆಕ್ಷೀ! ಎಂದು ಸೀನಿತು. ನನ್ನ ಮುಖದ ತುಂಬ ಸಿಂಬಳ! ಅದೆಲ್ಮೊ ಕೊಟ್ಟಿಗೆ ಹಾರಿಹೋಗುವ ಹಾಗೆ ಕೂಗಿದ, "ಭಲೇ!" ಕೂಗಿ, ಅದು ನಿಮ್ಮ ಮಾತು ಎಂದು ಹೊಳೆದು ನಗತೊಡಗಿದ. ನಾನೂ ನಕ್ಕೆ. ಹಸಿ ಹುಲ್ಲಿನ ಮೇಲೆ ಕೂತು, ರಕ್ತ, ಸಗಣಿ ಮೆತ್ತಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕೊಂದೇಸಾ ನಮ್ಮಿಬ್ಬರನ್ನೂ ಲೆಕ್ಕಿಸದೆ ಕರುವನ್ನು ನೆಕ್ಕುತ್ತಿದ್ದಳು. ಹೆಣ್ಣುಕರು. ಹೆಸರು ಬಲ್ತಸಾರಾ. ಬೇಸರವಿಲ್ಲ ತಾನೆ?

ಮರುದಿನವೇ ಅದೆಲ್ಮೊ ತರಗತಿಗೆ ಬಂದ. ಬಿಟ್ಟವರ ಮನೆಮನೆಗೂ ಹೋಗಿ, "ನಟನೋ ಗಿಟನೋ, ಕರು ಎದ್ದು ಓಡಾಡ್ತಿದೆ, ಬಂದು ನೋಡ್ರಯ್ಯಾ" ಎಂದು ಎಳೆದುಕೊಂಡು ಬಂದವನೂ ಅವನೇ. ಎಲ್ಲರೂ ಮತ್ತೆ ಸೇರಿದರು. ದೊನ್ ಫ್ರೊಯ್ಲಾನ್ ಮುಸುಕುಗಳನ್ನೆಲ್ಲ ಒಗೆದು ಗಂಜಿ ಹಾಕಿ ತಂದರು.

ವರ್ಷದ ಕೊನೆಗೆ ಪರೀಕ್ಷೆಗೆ ಡಾಕ್ಟರ್ ಎಲ್ಫ್ರಿದಾ ಮತ್ತೆ ಬಂದರು. ನಾವಿಬ್ಬರೂ ಉತ್ತೀರ್ಣರಾದೆವು. ನಾನು ಆಕೆಯನ್ನು ಬಲ್ತಸಾರಾ ಬಳಿಗೆ ಕರೆದುಕೊಂಡು ಹೋಗಿ ನಡೆದದ್ದೆಲ್ಲ ಹೇಳಿದೆ. ಆಕೆ ಕರುವಿನ ಕಾಲುಗಳನ್ನು ಒಂದೊಂದಾಗಿ ಸವರಿ ನೋಡಿದರು. ಆಮೇಲೆ ಹೇಳಿದರು, "ಆ 'ಅವಸರವಿಲ್ಲ' ಅನ್ನೋದು ನಾನು ಬರೆದದ್ದಲ್ಲ. ಕಿಂತೆರೋಸ್ ಅವ್ರೇ ಸೇರಿಸಿದ್ದು. ಅಷ್ಟು ಹೊತ್ತು ಸುಮ್ನೆ ನಿಲ್ಲೋದು ಯಾಕೆ, ಕತ್ತರಿಸೋಣ ಅಂತ ನಾನು ಜಗಳಾನೇ ಆಡಿದೆ. ಅವ್ರು ಒಪ್ಪಲಿಲ್ಲ. ಇದನ್ನ ಕೇಳೋರು ಹೆದರಿಕೊಂಡಿರ್ತಾರೆ ಡಾಕ್ಟರ್, ಅವ್ರಿಗೆ ಮೊದಲು ಉಸಿರು ಬೇಕು, ಪಾಠ ಆಮೇಲೆ ಅಂದ್ರು." ಇನ್ನೊಂದು ಮಾತನ್ನೂ ಹೇಳಿದರು. ಎಲ್ಲ ಪಾಠಗಳ ಚಿತ್ರೀಕರಣ ಮುಗಿದು ದೀಪ ಆರಿಸುವಾಗ ನೀವು, "ಇದನ್ನ ಯಾರಾದ್ರೂ ನೋಡ್ತಾರಾ?" ಎಂದು ಕೇಳಿದಿರಂತೆ. ಆಕೆಗೆ ಉತ್ತರ ಗೊತ್ತಿರಲಿಲ್ಲವಂತೆ.

ನೋಡಿದೆವು, ದೊನ್ ಬಲ್ತಸಾರ್. ನಿಮ್ಮ ನಾಟಕಗಳಿಗೆ ಎಷ್ಟು ಜನ ಬರುತ್ತಾರೋ ನಾನರಿಯೆ. ನಮ್ಮಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹಚ್ಚಿ ಕೇಳಿದ್ದೇವೆ. ಆ ಭಲೇ ಯಾರದು ಎಂಬ ಸಂಕಟವೂ ನನಗೆ ಈಗಿಲ್ಲ. ಕಾಣದವರ ಹೆದರಿಕೆಯನ್ನು ಮೊದಲೇ ಊಹಿಸಿ ಉಸಿರಿಗೆ ಜಾಗ ಬಿಟ್ಟ ಮನುಷ್ಯ ಹೇಳಿದ ಭಲೇ ಯಾರಿಗೆ ಸಿಕ್ಕಿತೋ ಅವರದೇ.

ಇನ್ನು ಈ ಕಾಗದ ಬರೆಯಲು ನಿಜವಾದ ಕಾರಣ ಹೇಳುತ್ತೇನೆ. ಕೋರ್ಸು ಮುಗಿದ ಮೇಲೂ ಅದೆಲ್ಮೊ ವಾರಕ್ಕೊಮ್ಮೆ ಗಿಣ್ಣು, ಹಾಲು, ಚೀಸು ಎಂದು ಏನಾದರೊಂದು ನೆಪ ಹಿಡಿದು ಬರುತ್ತಿದ್ದ. ಒಂದು ದಿನ ನಮ್ಮ ಕಟ್ಟಿಗೆ ಸೀಳುತ್ತಾ, ನನ್ನ ಕಡೆ ನೋಡದೆ, "ಎರ್ಮಿಂದಾ ಅವ್ರೇ, ಒಂದು ವರ್ಷ ನನ್ನ ಎಡಗಡೆ ನೀವು ಕೂತಿದ್ರಿ. ಈಗ ಆ ಕಡೆ ಗಾಳಿ ಹೊಡೀತದೆ" ಎಂದ.

"ಶಾಲು ಹೆಣೆದುಕೊಡ್ಲಾ?" ಎಂದೆ.

"ಶಾಲು ಜಗಳ ಆಡಲ್ವಲ್ಲ" ಎಂದ.

ಇಷ್ಟೇ ನಮ್ಮ ಪ್ರೇಮದ ಮಾತು. ನಾನು ಒಪ್ಪಿದೆ. ಆದರೆ ಅತ್ತೆ? ಮಗನನ್ನು ಸಮುದ್ರಕ್ಕೆ ಕೊಟ್ಟವರು. ಅವರ ಮುಂದೆ ಹೇಗೆ ಬಾಯಿ ಬಿಡುವುದು ಎಂದು ದಿನಗಟ್ಟಲೆ ತೊಳಲಾಡಿದೆ. ಕೊನೆಗೆ ಮಾತೆ ಎಲೆಯ ಕಷಾಯ ಕಾಯಿಸಿ ಕೊಡುತ್ತಾ ಹೇಳಿದೆ. ಅವರು ಪೂರ್ತಿ ಕುಡಿದು ಮುಗಿಸಿ, ಹೀರುವ ಕೊಳವೆಯನ್ನು ಒರೆಸಿ, "ಲಿಸಾಂದ್ರೋ ಬದುಕಿದ್ದಾಗಲೂ ಅದೆಲ್ಮೊ ಒಳ್ಳೇ ಹುಡುಗ ಅಂತಿದ್ದ. ಮಾಡ್ಕೋ. ಆದ್ರೆ ನಾನು ಈ ಮನೆ ಬಿಟ್ಟು ಬರಲ್ಲ. ನನ್ನ ಮಗ ಹುಟ್ಟಿದ ಮನೆ ಇದು" ಎಂದರು. ಅವರನ್ನು ಒಂಟಿಯಾಗಿ ಬಿಟ್ಟು ನಾನೂ ಹೋಗಲಾರೆ. ಅದೆಲ್ಮೊಗೆ ದನ ಬಿಟ್ಟು ಇಲ್ಲಿಗೆ ಬರುವ ಹಾಗಿಲ್ಲ. ಸಂಜೆ ಅವನು ಬಂದಾಗ ಇದನ್ನೇ ಅವನ ಮುಂದಿಟ್ಟೆವು.

ಅದೆಲ್ಮೊ ತಲೆ ಕೆರೆದುಕೊಂಡು, "ಇದರಲ್ಲಿ ಯೋಚನೆ ಮಾಡೋದೇನಿದೆ? ನೀವು ಮನೆ ಬಿಡ್ಬೇಡಿ ದೊನ್ಯಾ ರುಪೆರ್ತಾ. ಮನೇನೂ ಕರ್ಕೊಂಡು ಬನ್ನಿ" ಎಂದ.

ಹಾಗೇ ಆಗಿದೆ ತೀರ್ಮಾನ. ಬರುವ ಫೆಬ್ರವರಿಯ ದೊಡ್ಡ ಉಬ್ಬರದ ದಿನ ಇಡೀ ದ್ವೀಪ ಸೇರುತ್ತದೆ. ಮರದ ಮನೆಯನ್ನು ಕಂಬದಿಂದ ಬಿಡಿಸಿ, ದಿಮ್ಮಿಗಳ ಮೇಲೆ ಕೂರಿಸಿ, ಎತ್ತುಗಳಿಂದ ದಡಕ್ಕೆಳೆಸಿ, ಖಾಲಿ ಪೀಪಾಯಿ ಕಟ್ಟಿ ನೀರಿಗೆ ಬಿಡುತ್ತೇವೆ. ದೋಣಿಗಳು ಅದನ್ನು ಭೂಶಿರ ಸುತ್ತಿಸಿ ಆಚೆ ಕೊಲ್ಲಿಗೆ ಎಳೆದೊಯ್ಯುತ್ತವೆ. ನಮ್ಮವರಿಗೆ ಇದು ಹೊಸದಲ್ಲ. ಆದರೆ ಅತ್ತೆ ಮಾತ್ರ, ತಾವು ಮನೆಯೊಳಗೇ ಕೂತು ಬರುವುದಾಗಿ, ದಾರಿಯಲ್ಲಿ ಒಲೆ ಆರಬಾರದೆಂದು ಹಟ ಹಿಡಿದಿದ್ದಾರೆ. ದೋಣಿಯವರು ಬೇಡವೆಂದು ಕೈಮುಗಿದರೂ ಕೇಳುತ್ತಿಲ್ಲ. ಸಮುದ್ರದ ಮೇಲೆ ಹೊಗೆಯಾಡುತ್ತಾ ಹೋಗುವ ಮನೆಯನ್ನು ನೀವು ಯಾವ ರಂಗಮಂಚದ ಮೇಲೂ ಕಂಡಿರಲಾರಿರಿ.

ಅದರ ಮರುದಿನ ಮದುವೆ. ನೀವೇ ನಮ್ಮ ಧರ್ಮಪಿತರಾಗಿ ಪಕ್ಕದಲ್ಲಿ ನಿಲ್ಲಬೇಕೆಂದು ನಾವಿಬ್ಬರೂ ಬೇಡಿಕೊಳ್ಳುತ್ತೇವೆ. ಬರೆದುಕೊಟ್ಟ ಮಾತು ಏನೂ ಇಲ್ಲ. ನಿಮಗೆ ತೋಚಿದ್ದನ್ನು ಹೇಳಿದರೆ ಸಾಕು. ಊಟಕ್ಕೆ ನೆಲದ ಕುಳಿಯಲ್ಲಿ ಬೇಯಿಸಿದ ಮಳಿ, ಮಾಂಸ, ಆಲೂಗಡ್ಡೆ. ಆಮೇಲೆ ಅಕಾರ್ಡಿಯನ್ ಇರುತ್ತದೆ. ಒಂದು ವರ್ಷ ನಿಮ್ಮನ್ನು ಸೊಂಟದಿಂದ ಮೇಲೆ ಮಾತ್ರ ನೋಡಿದ್ದೇವಲ್ಲ, ನಿಮಗೆ ಕಾಲುಗಳೇ ಇಲ್ಲವೆಂದು ನನ್ನ ಅತ್ತೆ ಊರೆಲ್ಲ ಪಂದ್ಯ ಕಟ್ಟಿದ್ದಾರೆ. ದಯವಿಟ್ಟು ಬಂದು, ಅವರ ಎದುರಿಗೆ, ಅವರ ಕೈ ಹಿಡಿದು ಕುಣಿದು, ಅವರನ್ನು ಸೋಲಿಸಿ. ಸೋಲಲು ಅವರು ಆಗಲೇ ಹೊಸ ಶೂ ಹೊಲಿಸಿಕೊಂಡಿದ್ದಾರೆ.

ಸಮುದ್ರ ನಿಮಗೆ ತಿಳಿಯಾಗಿರಲಿ, ಗಾಳಿ ನಿಮ್ಮ ಬೆನ್ನಿಗಿರಲಿ. ನಿಮ್ಮ ದನಿ ನೂರು ಕಾಲ ಬಾಳಲಿ.

ನಿಮ್ಮನ್ನು ಕಾಣದೆಯೇ ನಿಮ್ಮ ಶಿಷ್ಯೆಯಾದ,
ಎರ್ಮಿಂದಾ ರೆಮೊಲ್ಕೊಯ್